ಸಿಗಬಾರದೆಂದು ಹೋದವರು

ಕಳೆದುಹೋದದ್ದನ್ನು ಹುಡುಕಿ ತರುವವನಿಗೆ ಲೋಕ ಸದಾ ಗೌರವ ಕೊಟ್ಟಿದೆ. ಜಾತ್ರೆಯ ಗದ್ದಲದಲ್ಲಿ ಕೈತಪ್ಪಿದ ಮಗುವನ್ನು ಮರಳಿ ತಂದು ಮಡಿಲಿಗಿಟ್ಟವನ ಮುಖವನ್ನು ತಾಯಿಯಾದವಳು ಬದುಕಿರುವವರೆಗೂ ಮರೆಯುವುದಿಲ್ಲ. ಆದರೆ ಕಳೆದುಹೋಗದೆ, ತಿಳಿದು ತಿಳಿದೇ ಎದ್ದು ನಡೆದ ಜೀವವೊಂದನ್ನು ಹುಡುಕಿಕೊಡಬೇಕಾಗಿ ಬಂದಾಗ, ಹುಡುಕಾಟದ ಆ ಪುಣ್ಯ ಎಲ್ಲಿಗೆ ಹೋಗುತ್ತದೆ? ಸಿಗಬಾರದೆಂದೇ ಹೋದವರನ್ನು ಪತ್ತೆಹಚ್ಚುವುದು ಉಪಕಾರವೋ ಅಪಕಾರವೋ? ಈ ಪ್ರಶ್ನೆ ಬಹುಕಾಲದಿಂದ ನನ್ನ ಬೆನ್ನು ಬಿಟ್ಟಿಲ್ಲ. ಹಣ ಪಡೆದು ಹುಡುಕುವುದನ್ನೇ ವೃತ್ತಿಯಾಗಿಸಿಕೊಂಡವನಿಗೆ ಇದು ಬರೀ ಚಿಂತನೆಯ ವಿಷಯವಾಗಿ ಉಳಿಯಲಾರದು. ಎದುರಿಗೆ ಕುಳಿತವರಿಗೆ ಅವನು ಆ ಹೊತ್ತಿಗೆ ಒಂದು ಉತ್ತರ ಕೊಡಲೇಬೇಕು.

ಸೊಲ್ಲಾಪುರದ ನವೀ ಪೇಠೆಯಂಥ ಬೀದಿಯೊಂದರಲ್ಲಿ, ಬಟ್ಟೆಯಂಗಡಿಯ ಮೇಲಿನ ಮಹಡಿಯಲ್ಲಿ ಕಚೇರಿ ಇಟ್ಟುಕೊಂಡ ಖಾಸಗಿ ಪತ್ತೇದಾರನೊಬ್ಬನನ್ನು ಕಲ್ಪಿಸಿಕೊಳ್ಳುತ್ತೇನೆ. ಅವನೆದುರು ಅಕ್ಕಲಕೋಟೆ ತಾಲ್ಲೂಕಿನ ಹಳ್ಳಿಯಿಂದ ಬಂದ ತಂದೆಯೊಬ್ಬ ಕುಳಿತಿದ್ದಾನೆ. ಮಗಳು ಬೇರೆ ಜಾತಿಯ ಹುಡುಗನೊಂದಿಗೆ ಹೋಗಿ ಕೆಲವು ತಿಂಗಳಾಗಿವೆ. ಠಾಣೆಗೆ ದೂರು ಕೊಟ್ಟದ್ದಾಯಿತು. ಆಕೆ ಇನ್ನಾವುದೋ ಊರಿನ ಠಾಣೆಯಲ್ಲಿ ಹಾಜರಾಗಿ, ನಾನು ವಯಸ್ಕಳು, ನನ್ನ ಇಚ್ಛೆಯಿಂದಲೇ ಮದುವೆಯಾಗಿದ್ದೇನೆ ಎಂದು ಹೇಳಿಕೆ ಬರೆಸಿ ಸಹಿ ಹಾಕಿದ್ದಾಳೆ. ಪೊಲೀಸರ ಪಾಲಿಗೆ ಕಡತ ಅಲ್ಲಿಗೆ ಮುಗಿಯಿತು. "ಸಾಹೇಬ್ರ, ಆಕಿ ಎಲ್ಲಿ ಅದಾಳ ಅನ್ನೂದಷ್ಟ ಹೇಳ್ರಿ, ಮತ್ತೇನೂ ಬ್ಯಾಡ. ಆಕಿ ಅವ್ವ ಊಟಾ ಬಿಟ್ಟಾಳ್ರಿ" ಎನ್ನುತ್ತಾನೆ ತಂದೆ. ಕೈಚೀಲದಿಂದ ಒಂದು ಭಾವಚಿತ್ರ, ಆಧಾರ್ ಕಾರ್ಡಿನ ಝೆರಾಕ್ಸ್, ಜೊತೆಗೆ ಮಗಳ ಹತ್ತನೆಯ ತರಗತಿಯ ಅಂಕಪಟ್ಟಿಯನ್ನು ತೆಗೆದು ಮೇಜಿನ ಮೇಲಿಡುತ್ತಾನೆ. ಹುಡುಕಾಟಕ್ಕೆ ಅಂಕಪಟ್ಟಿಯಿಂದ ಯಾವ ಪ್ರಯೋಜನವೂ ಇಲ್ಲ. ಮನೆಯ ಪೆಟ್ಟಿಗೆಯಲ್ಲಿ ಅವಳ ಪೂರ್ಣ ಹೆಸರಿದ್ದ ಕಾಗದ ಅದು, ಆದ್ದರಿಂದ ಬಂದಿದೆ. ಈ ತಂದೆ, ಈ ಪತ್ತೇದಾರ ಇಬ್ಬರೂ ನನ್ನ ಕಲ್ಪನೆಯವರು. ಇಂಥ ಭೇಟಿ ಕಲ್ಪನೆಯದಲ್ಲವೆಂಬುದು ಗಡಿಸೀಮೆಯ ಯಾವ ಊರಿನವರಿಗೂ ಗೊತ್ತು.

ತಂದೆಯ ದುಃಖ ಸುಳ್ಳೆನ್ನಲು ನನಗೆ ಮನಸ್ಸು ಬಾರದು. ಇಪ್ಪತ್ತು ವರ್ಷ ಮನೆಯೊಳಗೆ ಓಡಾಡಿದ ಜೀವ ಒಂದು ಮುಂಜಾನೆ ಇಲ್ಲವಾದಾಗ, ಆ ಮನೆಯ ಸದ್ದುಗಳೇ ಬದಲಾಗುತ್ತವೆ. ಸಂಜೆ ಒಲೆಯ ಮುಂದೆ ರೊಟ್ಟಿ ಬಡಿಯುವ ಎರಡು ಕೈಗಳ ಲಯದಲ್ಲಿ ಒಂದು ನಿಂತುಹೋಗಿರುತ್ತದೆ. ಯಾರೂ ಅದರ ಮಾತೆತ್ತುವುದಿಲ್ಲ, ಎಲ್ಲರೂ ಕೇಳಿಸಿಕೊಳ್ಳುತ್ತಾರೆ. ಪತ್ತೇದಾರನ ಸಂಕಟ ಹುಟ್ಟುವುದು ಈ ದುಃಖ ನಿಜವಾಗಿರುವುದರಿಂದಲೇ. ಎದುರಿಗಿದ್ದವನು ಕ್ರೂರಿಯೆಂದು ಕಂಡಿದ್ದರೆ ಕೆಲಸ ಬೇಡವೆನ್ನುವುದು ಸುಲಭವಿತ್ತು. ಆದರೆ ಈ ಮನುಷ್ಯನ ಮನೆಯಲ್ಲಿ ಮಗನೊಬ್ಬನಿದ್ದಾನೆ, ಮಗನಿಗೆ ಗೆಳೆಯರಿದ್ದಾರೆ, ಮಾತು ನಿಲ್ಲಿಸಿದ ಬಂಧುಗಳಿದ್ದಾರೆ, ಕಟ್ಟೆಯ ಮೇಲೆ ಕುಳಿತು ಇವನು ಹಾದುಹೋಗುವಾಗ ಮೌನವಾಗುವ ಊರಿದೆ. ಕಾಗದದ ಚೂರೊಂದರ ಮೇಲೆ ಬರೆದುಕೊಟ್ಟ ವಿಳಾಸ ಆ ಹೊಸ್ತಿಲು ದಾಟಿದ ಮೇಲೆ ತಂದೆಯೊಬ್ಬನದೇ ಆಗಿ ಉಳಿಯುವುದಿಲ್ಲ. ತನ್ನ ಮನಸ್ಸಿನಲ್ಲಿ ಕೊನೆಗೆ ಯಾವುದು ಗೆಲ್ಲುತ್ತದೆ, ಮಮತೆಯೋ ಮಾನವೋ ಎಂಬುದು ಸ್ವತಃ ಅವನಿಗೂ ತಿಳಿಯದಿರಬಹುದು. ಹಾಗಿರುವಾಗ ಅರ್ಧ ಗಂಟೆ ಅವನ ಮಾತು ಕೇಳಿದ ಅಪರಿಚಿತನು ಅದನ್ನು ಬಲ್ಲೆನೆಂದು ಹೇಗೆ ನಂಬಲಿ?

ಹುಡುಕುವುದು ಈಗ ಬಹಳ ಕಷ್ಟದ ಕೆಲಸವೇನಲ್ಲ. ಮಗಳ ಗೆಳತಿಯೊಬ್ಬಳ ಬಳಿ ಹೊಸ ದೂರವಾಣಿ ಸಂಖ್ಯೆ ಇದ್ದೇ ಇರುತ್ತದೆ. ಆ ಸಂಖ್ಯೆಗೆ ಕರೆಮಾಡಿ, ಕೊರಿಯರ್‌ನಿಂದ ಮಾತಾಡುತ್ತಿದ್ದೇನೆ, ನಿಮ್ಮ ಹೆಸರಿಗೆ ಪಾರ್ಸಲ್ ಬಂದಿದೆ, ವಿಳಾಸ ಅಳಿಸಿಹೋಗಿದೆ ಎಂದು ಸೌಮ್ಯವಾಗಿ ಹೇಳಿದರೆ ಸಾಕು. ಪುಣೆಯ ಹಡಪಸರದ ಯಾವುದೋ ಓಣಿಯ ಮನೆಯ ಸಂಖ್ಯೆಯನ್ನು ಅವಳೇ ಹೇಳಿಬಿಡುತ್ತಾಳೆ. ತನಗೂ ಯಾರೋ ಏನನ್ನೋ ಕಳಿಸಿದ್ದಾರೆಂಬ ಸಂತೋಷದಲ್ಲಿ ಹೇಳುತ್ತಾಳೆ ಎಂಬುದು ನನ್ನನ್ನು ಹೆಚ್ಚು ನೋಯಿಸುತ್ತದೆ. ಇದಕ್ಕಿಂತ ಕೆಟ್ಟ ದಾರಿಗಳೂ ಇವೆ. 2018ರಲ್ಲಿ ಠಾಣೆ ನಗರದ ಪೊಲೀಸರು ಜನರ ದೂರವಾಣಿ ಕರೆಗಳ ವಿವರವನ್ನು ಅಕ್ರಮವಾಗಿ ಪಡೆದ ಆರೋಪದ ಮೇಲೆ ಹಲವು ಖಾಸಗಿ ಪತ್ತೇದಾರರನ್ನು ಬಂಧಿಸಿದ್ದರು. ನಮ್ಮಲ್ಲಿ ಗಿರಣಿಯ ಗೇಟಿಗೆ ಕಾವಲುಗಾರನನ್ನು ಒದಗಿಸುವ ಸಂಸ್ಥೆಗೆ 2005ರ ಕಾಯ್ದೆಯಂತೆ ಪರವಾನಗಿ ಬೇಕು. ಮನುಷ್ಯರ ಜಾಡು ಹಿಡಿಯುವ ಸಂಸ್ಥೆಗಳಿಗೆಂದು 2007ರಲ್ಲಿ ರಾಜ್ಯಸಭೆಯಲ್ಲಿ ಮಂಡನೆಯಾದ ಮಸೂದೆ ಕಾಯ್ದೆಯಾಗಲಿಲ್ಲ. ಅಂದರೆ ನವೀ ಪೇಠೆಯ ಆ ಮಹಡಿಯಲ್ಲಿ ಕುಳಿತವನಿಗೆ, ಇಂಥದನ್ನು ಒಪ್ಪಬೇಡ ಎಂದು ಹೇಳುವ ವೃತ್ತಿನಿಯಮದ ಪುಸ್ತಕವೊಂದು ಇಲ್ಲ. ಅವನ ಆತ್ಮಸಾಕ್ಷಿಯೇ ಅವನಿಗಿರುವ ಕಾಯ್ದೆ. 1850ರ ಸುಮಾರಿಗೆ ಶಿಕಾಗೋದಲ್ಲಿ ತನ್ನ ಸಂಸ್ಥೆಯನ್ನು ಕಟ್ಟಿದ ಅಲನ್ ಪಿಂಕರ್ಟನ್, ವಿವಾಹ ವಿಚ್ಛೇದನದ ಪ್ರಕರಣಗಳನ್ನು ಮುಟ್ಟಬಾರದೆಂದು ತಾನೇ ನಿಯಮ ಮಾಡಿಕೊಂಡಿದ್ದ. ಮುಂದೆ ಅದೇ ಸಂಸ್ಥೆ ಕಾರ್ಮಿಕರ ಸಂಘಗಳೊಳಗೆ ಗೂಢಚಾರರನ್ನು ನುಗ್ಗಿಸಿ ಕೆಟ್ಟ ಹೆಸರು ಗಳಿಸಿತು. ಆದರೂ ಮನೆಯೊಳಗಿನ ಸಂಬಂಧಗಳ ನಡುವೆ ಬಾಡಿಗೆಯ ಕಣ್ಣು ಇಳಿಯಬಾರದೆಂಬ ಅಳುಕು ಈ ವೃತ್ತಿಯ ಆರಂಭದಲ್ಲಿಯೇ ಇತ್ತೆಂಬುದನ್ನು ಮರೆಯಲಾಗದು.

ಓದುಗರಾದ ನಮ್ಮ ಮನಸ್ಸನ್ನು ರೂಪಿಸಿದ್ದು ಬೇರೆ ಬಗೆಯ ಪತ್ತೇದಾರ. ನಾಲ್ಕನೆಯ ತರಗತಿಯವರೆಗಷ್ಟೇ ಓದಿದ್ದ ಎನ್. ನರಸಿಂಹಯ್ಯನವರು ಐನೂರಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದು, ಪತ್ತೇದಾರ ಪುರುಷೋತ್ತಮನನ್ನು ಕನ್ನಡದ ಮನೆಮನೆಗೆ ತಂದರು. ಸೊಲ್ಲಾಪುರದಂಥ ಊರಿನ ಓದುಗರಿಗೆ ಮರಾಠಿಯ ಬಾಬುರಾವ್ ಅರ್ನಾಳ್ಕರರ ನಾಯಕರೂ ಜೊತೆಗಿದ್ದರು. ಆ ಪುಟಗಳಲ್ಲಿ ಓಡುವವನು ಅಪರಾಧಿ, ಬೆನ್ನಟ್ಟುವವನು ನ್ಯಾಯ. ಎಷ್ಟೋ ಜನರಿಗೆ ಅಕ್ಷರದ ರುಚಿ ಹತ್ತಿಸಿದ ಪುಸ್ತಕಗಳು ಅವು, ಅವುಗಳ ಋಣ ನನಗೂ ಇದೆ. ಆದರೂ ತಪ್ಪಿಸಿಕೊಂಡವರ ಕಡೆಯಿಂದ ಕಥೆಯನ್ನು ನೋಡುವ ಅಭ್ಯಾಸ ನಮಗೆ ಅವುಗಳಿಂದ ಬರಲಿಲ್ಲ.

ಆ ಅಭ್ಯಾಸಕ್ಕೆ ಇನ್ನೂ ಹಿಂದಕ್ಕೆ, ಇದೇ ಮಣ್ಣಿನ ಹನ್ನೆರಡನೆಯ ಶತಮಾನಕ್ಕೆ ಹೋಗಬೇಕು. ಇಂದಿನ ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆಯಲ್ಲಿ ಬಿಜ್ಜಳನ ಭಂಡಾರದ ಲೆಕ್ಕ ಬರೆಯುತ್ತಿದ್ದ ಬಸವಣ್ಣ ಮುಂದೆ ಕಲ್ಯಾಣಕ್ಕೆ ಹೋದ. ಸೊನ್ನಲಿಗೆಯ, ಅಂದರೆ ಇಂದಿನ ಸೊಲ್ಲಾಪುರದ, ಸಿದ್ಧರಾಮನೂ ಅಲ್ಲಮನ ಜೊತೆ ಅಲ್ಲಿಗೆ ಹೋದ. ಬಸವಣ್ಣನ ನೆರಳಿನಂತೆ ಪರಂಪರೆಯ ಕಥನಗಳಲ್ಲಿ ಇನ್ನೊಬ್ಬನೂ ನಡೆಯುತ್ತಾನೆ, ಕೊಂಡೆಯ ಮಂಚಣ್ಣ. ಭಂಡಾರದ ಹಣ ಜಂಗಮರ ಪಾಲಾಗುತ್ತಿದೆ ಎಂದು ದೊರೆಯ ಕಿವಿಗೆ ಹಾಕಿದವನು ಅವನು. ದೊರೆ ಲೆಕ್ಕ ತೆಗೆಸಿ ನೋಡಿದ, ಲೆಕ್ಕ ಸರಿಯಿತ್ತು. ಕೊಂಡೆ ಸುಳ್ಳಾದಾಗ ಹೀಗೆ ತಪ್ಪಿಸಿಕೊಳ್ಳಲು ಒಂದು ದಾರಿ ಇರುತ್ತದೆ. ನಿಜವಾದಾಗ ಯಾವ ದಾರಿಯೂ ಇಲ್ಲ. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾದದ್ದು ನಿಜವೇ ಆಗಿತ್ತು. ಆ ಸಂಗತಿ ಅರಮನೆಗೆ ಮುಟ್ಟಿತು, ಇಬ್ಬರು ತಂದೆಯರನ್ನೂ ಎಳೆಹೂಟೆಯ ಮರಣಶಿಕ್ಷೆಗೆ ಕೊಟ್ಟರು. ನಿಜವನ್ನು ತಿಳಿಸಿದ್ದಷ್ಟೇ ನನ್ನ ಕೆಲಸ, ಮುಂದಿನದು ತಿಳಿದುಕೊಂಡವರ ಪಾಡು ಎಂಬ ಮಾತಿಗೆ ಕಲ್ಯಾಣದಲ್ಲಿ ಎಷ್ಟು ಬೆಲೆಯಿತ್ತೋ ನವೀ ಪೇಠೆಯಲ್ಲಿಯೂ ಅಷ್ಟೇ. ಆ ಕಥೆಯಲ್ಲಿ ನನ್ನನ್ನು ತಡೆದು ನಿಲ್ಲಿಸುವ ಇನ್ನೆರಡು ಸಂಗತಿಗಳಿವೆ. ಮದುವೆಯಾದ ಆ ಮಕ್ಕಳ ಹೆಸರು ಕಥನದಿಂದ ಕಥನಕ್ಕೆ ಬೇರೆಯಾಗುತ್ತದೆ. ಯಾರಿಗಾಗಿ ಅಷ್ಟೆಲ್ಲ ನಡೆಯಿತೋ ಅವರೇ ನೆನಪಿನಲ್ಲಿ ಮಸುಕಾಗಿದ್ದಾರೆ. ಮತ್ತೊಂದು, ಅಲ್ಲಿ ಮಕ್ಕಳ ಮದುವೆಯ ಪರವಾಗಿ ನಿಂತು ತಂದೆಯರು ಪ್ರಾಣ ಕೊಟ್ಟರು. ಅಕ್ಕಲಕೋಟೆಯಿಂದ ಈಶಾನ್ಯಕ್ಕೆ ನೂರು ಕಿಲೋಮೀಟರಿನ ಆಸುಪಾಸಿನಲ್ಲಿ ನಡೆದದ್ದು ಇದು. ಹರಳಯ್ಯ ಮಧುವರಸರ ಹೆಸರನ್ನು ಶರಣರ ಹೆಸರಾಗಿ ಉಚ್ಚರಿಸುವ ಮನೆಗಳಿಂದಲೂ ಮಗಳ ವಿಳಾಸ ಕೇಳಿಕೊಂಡು ತಂದೆಯರು ಬರುತ್ತಾರೆಂಬುದನ್ನು ನೆನೆದರೆ ಎಂಟುನೂರು ವರ್ಷ ಬಹಳ ಕಡಿಮೆಯೆನಿಸುತ್ತದೆ.

ಓಡಿಹೋದವರಿಗೆ ಮುಖ್ಯವಾಗಿ ಬೇಕಾದದ್ದೇನು ಎಂದು ಯೋಚಿಸುತ್ತೇನೆ. ಹಣ ಬೇಕು, ಆಸರೆ ಬೇಕು. ಎಲ್ಲಕ್ಕಿಂತ ಹೆಚ್ಚಾಗಿ ಕಾಲ ಬೇಕು. 1870ರ ದಶಕದಲ್ಲಿ ಸೊಲ್ಲಾಪುರದಲ್ಲಿ ಹತ್ತಿಗಿರಣಿ ತಲೆಯೆತ್ತಿದ ಮೇಲೆ ಅಕ್ಕಲಕೋಟೆ, ಇಂಡಿ, ಅಫಜಲಪುರ, ಜತ್ತದ ಹಳ್ಳಿಗಳಿಂದ ಜನ ಇಲ್ಲಿಗೆ ಬಂದು ಚಾಳುಗಳಲ್ಲಿ ತುಂಬಿಕೊಂಡರು. ಕನ್ನಡ ತೆಲುಗು ಮರಾಠಿಗಳು ಒಂದೇ ನಲ್ಲಿಯ ಮುಂದೆ ಕೊಡ ಹಿಡಿದು ನಿಂತ ಆ ಚಾಳುಗಳಲ್ಲಿ, ಊರು ಬಿಟ್ಟು ಬಂದ ಜೋಡಿಯೊಂದು ಕರಗಿಹೋಗುವುದು ಸಾಧ್ಯವಿತ್ತು. ಅಕ್ಕಲಕೋಟೆಗೂ ಸೊಲ್ಲಾಪುರಕ್ಕೂ ನಲವತ್ತು ಕಿಲೋಮೀಟರಿನಷ್ಟೇ ಅಂತರವಿದ್ದರೂ ಅದು ದಾಟಲು ಕಾಲ ಹಿಡಿಯುತ್ತಿದ್ದ ಅಂತರ. ಸಂಕ್ರಾಂತಿಗೆ ಸಿದ್ಧೇಶ್ವರನ ಗಡ್ಡೆಯ ಜಾತ್ರೆಗೆ ಹೋದ ಯಾರೋ ನಂದಿಕೋಲಿನ ಮೆರವಣಿಗೆಯ ಅಂಚಿನಲ್ಲಿ ಅವಳನ್ನು ಕಂಡರೆ, ಕಂಡೆನೆಂಬ ಸುದ್ದಿ ಊರಿಗೆ ಮುಟ್ಟಿದರೆ ಮುಟ್ಟಿತು. ಅಷ್ಟರಲ್ಲಿ ಸಿಟ್ಟಿಗೆ ವಯಸ್ಸಾಗಿರುತ್ತಿತ್ತು. ತಂಗಿಯ ಮದುವೆ ಮುಗಿದಿರುತ್ತಿತ್ತು. ಮನೆಯ ಅಜ್ಜಿ ಸಾಯುವ ಮುನ್ನ ಒಮ್ಮೆ ನೋಡಬೇಕೆಂದಿರುತ್ತಿದ್ದಳು. ದೊಡ್ಡವರು ಯಾರೋ ಮಧ್ಯಸ್ಥರಾಗಿ ಹೋಗಿ ತೊಟ್ಟಿಲಲ್ಲಿದ್ದ ಕೂಸನ್ನು ನೋಡಿ ಬಂದಿರುತ್ತಿದ್ದರು. ಎಲ್ಲ ಮನೆಗಳಲ್ಲಿ ಹೀಗಾಗುತ್ತಿತ್ತೆಂದು ನಾನು ಹೇಳಲಾರೆ. ಆಗುವುದಕ್ಕೆ ಒಂದು ಅವಕಾಶವಿತ್ತು. ಆ ವಿಳಂಬ ಮನುಷ್ಯರ ಒಳಗೆ ತನ್ನ ಕೆಲಸ ಮಾಡುತ್ತಿತ್ತು, ಹೆಪ್ಪಿಗಿಟ್ಟ ಹಾಲು ಯಾರೂ ಮುಟ್ಟದಿದ್ದಾಗ ತನ್ನಷ್ಟಕ್ಕೆ ಮೊಸರಾಗುವಂತೆ. ಈಗ ದೂರ ಸತ್ತುಹೋಗಿದೆ. ಮುಂಜಾನೆ ಸೊಲ್ಲಾಪುರ ಬಿಡುವ ಹುತಾತ್ಮಾ ಎಕ್ಸ್‌ಪ್ರೆಸ್ ರೈಲು, 1931ರಲ್ಲಿ ಗಲ್ಲಿಗೇರಿದ ಮಲ್ಲಪ್ಪ ಧನಶೆಟ್ಟಿ ಮೊದಲಾದ ನಾಲ್ವರ ಸ್ಮರಣೆಯನ್ನು ಹೊತ್ತ ಆ ರೈಲು, ಓಡಿಹೋಗುವವರನ್ನು ಕೆಲವೇ ಗಂಟೆಗಳಲ್ಲಿ ಪುಣೆಗೆ ಮುಟ್ಟಿಸುತ್ತದೆ; ಅಷ್ಟೇ ಬೇಗ ಅದರಲ್ಲಿ ಇನ್ನೊಬ್ಬನೂ ಹೋಗಿ ತಲುಪುತ್ತಾನೆ. ಪತ್ತೇದಾರ ತಂದೆಗೆ ಮಾರುವುದು ನೋಡಲು ಒಂದು ವಿಳಾಸ. ಆ ವಿಳಾಸದೊಂದಿಗೆ ಮಗಳ ಪಾಲಿನ ಕಾಲವೂ ಕೈಬದಲಾಗುತ್ತದೆ.

ಇಷ್ಟು ಬರೆಯುವ ಹೊತ್ತಿಗೆ ಮನಸ್ಸು ತಾನೇ ಎದುರುವಾದಿಯಾಗಿ ನಿಲ್ಲುತ್ತದೆ. ಕಾಲ ಎಲ್ಲವನ್ನೂ ಮೃದುವಾಗಿಸುತ್ತದೆಂಬ ನಂಬಿಕೆಗೆ ಆಧಾರವೇನು? ಸೊಲ್ಲಾಪುರ ಜಿಲ್ಲೆಯ ಕರಮಾಳಾ ತಾಲ್ಲೂಕಿನ ಜೇವೂರಿನವರಾದ ನಾಗರಾಜ ಮಂಜುಳೆ 2016ರಲ್ಲಿ ತೆಗೆದ 'ಸೈರಾಟ್' ಚಿತ್ರದಲ್ಲಿ ಪತ್ತೇದಾರನೇ ಇಲ್ಲ. ಮರುವರ್ಷ ಕನ್ನಡದಲ್ಲಿ 'ಮನಸು ಮಲ್ಲಿಗೆ'ಯಾಗಿ ಬಂದ ಈ ಕಥೆಯಲ್ಲಿ ಓಡಿಹೋದವರು ದೂರದ ಹೈದರಾಬಾದಿನಲ್ಲಿ ಕಷ್ಟಪಟ್ಟು ಸಂಸಾರ ಕಟ್ಟುತ್ತಾರೆ, ಮಗುವಾಗುತ್ತದೆ, ಮಗಳೇ ತಡೆಯಲಾರದೆ ತಾಯಿಗೆ ಫೋನು ಮಾಡುತ್ತಾಳೆ. ಅಣ್ಣ ಉಡುಗೊರೆಗಳೊಂದಿಗೆ ಬರುತ್ತಾನೆ, ಅವಳು ಚಹಾ ಮಾಡಿ ಕೊಡುತ್ತಾಳೆ, ಮುಂದಿನದು ನೋಡಿದವರಿಗೆಲ್ಲ ಗೊತ್ತು. ಅದು ಕಥೆಯೆಂದುಕೊಂಡು ಸುಮ್ಮನಾಗುವಂತಿಲ್ಲ. 2019ರ ನವೆಂಬರಿನಲ್ಲಿ ಗದಗ ಜಿಲ್ಲೆಯ ಲಕ್ಕಲಕಟ್ಟಿಯಲ್ಲಿ, ಜಾತಿ ಮೀರಿ ಮದುವೆಯಾಗಿ ವರ್ಷಗಳ ಬಳಿಕ ದೀಪಾವಳಿಗೆ ಊರಿಗೆ ಬಂದಿದ್ದ ದಂಪತಿಯನ್ನು ಹೆಣ್ಣಿನ ಕಡೆಯವರೇ ಕೊಂದರು. 2025ರ ಜನವರಿಯಲ್ಲಿ ಗದಗದ ನ್ಯಾಯಾಲಯ ನಾಲ್ವರಿಗೆ ಮರಣದಂಡನೆ ವಿಧಿಸಿತು. ಸಿಟ್ಟಿಗೆ ವಯಸ್ಸಾಗಿದೆಯೆಂದು ಅವರು ನಂಬಿದ್ದರು, ಆಗಿರಲಿಲ್ಲ. ಈ ಎರಡನ್ನೂ ಎದುರಿಗಿಟ್ಟುಕೊಂಡು ಮತ್ತೆ ಯೋಚಿಸಿದಾಗ ನನಗೆ ಉಳಿಯುವುದು ಇಷ್ಟು: ತವರಿನ ಮನಸ್ಸು ತಿರುಗಿತೇ ಇಲ್ಲವೇ ಎಂಬುದನ್ನು ಅಳೆಯಬೇಕಾದವಳು ಹೋದವಳೇ. ಅವಳ ಅಳತೆ ತಪ್ಪಬಹುದು, ತಪ್ಪಿದರೆ ಬೆಲೆಯೂ ಘೋರವಾಗಿರಬಹುದು. ಆದರೂ ಬಾಗಿಲು ಎಂದು ತೆರೆಯಬೇಕು, ಯಾರಿಗೆ ತೆರೆಯಬೇಕು ಎಂಬ ನಿರ್ಧಾರ ಅವಳ ಕೈಯಲ್ಲಿರಬೇಕು. ಪಾರ್ಸಲ್ಲಿನ ಹೆಸರಿನಲ್ಲಿ ವಿಳಾಸ ಪಡೆದವನು ಅವಳಿಗೆ ತಿಳಿಯದಂತೆ ಆ ನಿರ್ಧಾರವನ್ನು ತಾನು ಮಾಡಿಬಿಟ್ಟಿರುತ್ತಾನೆ.

ನೀನು ಎಲ್ಲಿದ್ದೀ ಎಂಬ ಪ್ರಶ್ನೆಗೆ ಉತ್ತರಿಸಲೇಬೇಕಾಗಿ ಬರುವ ಬದುಕು ಎಂಥದೆಂದು ಸೊಲ್ಲಾಪುರ ಕಂಡಿದೆ. 1871ರ ಕಾಯ್ದೆ ಕೆಲವು ಬುಡಕಟ್ಟುಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಬರೆದಿಟ್ಟಿತು. ಮುಂದೆ ಆ ಕಾಯ್ದೆಯ ಹೆಸರಿನಲ್ಲಿಯೇ ಇಲ್ಲಿ ಸೆಟ್ಲಮೆಂಟ್ ತೆರೆದು, ತಂತಿಬೇಲಿಯೊಳಗೆ ಸಂಸಾರಗಳನ್ನಿಟ್ಟು ಹಾಜರಿ ಕೂಗಿದರು. ಹುಬ್ಬಳ್ಳಿ, ಗದಗಗಳಲ್ಲಿಯೂ ಅಂಥವಿದ್ದವು. ಮುಂಬಯಿ ಪ್ರಾಂತ 1949ರಲ್ಲಿ ಆ ಕಾಯ್ದೆಯನ್ನು ತೆಗೆದುಹಾಕಿತು, 1952ರಲ್ಲಿ ದೇಶಕ್ಕೇ ಅದು ಇಲ್ಲವಾಯಿತು. ಸೆಟ್ಲಮೆಂಟ್ ಫ್ರೀ ಕಾಲನಿ ಎಂಬ ಹೆಸರು ಸೊಲ್ಲಾಪುರದಲ್ಲಿ ಇಂದಿಗೂ ಉಳಿದಿದೆ. ಹಾಜರಿಗೆ ನಿಂತ ಆ ಜನರು ಮನೆಮಠ ಕಳೆದುಕೊಂಡದ್ದನ್ನು ದಾಖಲೆಗಳು ಹೇಳುತ್ತವೆ. ಯಾರಿಗೂ ಹೇಳದೆ ಒಂದು ಸಂಜೆ ಎಲ್ಲಿಗೋ ಹೋಗಿಬರುವ ಸಣ್ಣ ಸ್ವಾತಂತ್ರ್ಯವೂ ಹೋಗಿತ್ತೆಂಬುದನ್ನು ನಾವೇ ಊಹಿಸಿಕೊಳ್ಳಬೇಕು. ಆ ಸಣ್ಣದಕ್ಕೆ ಹೆಸರು ಸಿಗಲು ಬಹಳ ಕಾಲ ಹಿಡಿಯಿತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಎಂಬತ್ತು ದಾಟಿದ ವಯಸ್ಸಿನಲ್ಲಿ ಹೂಡಿದ ಮೊಕದ್ದಮೆಯಲ್ಲಿ, 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಮರುವರ್ಷ ಮಾರ್ಚ್‌ನಲ್ಲಿ ಅದೇ ನ್ಯಾಯಾಲಯ, ಒಪ್ಪಿ ಮದುವೆಯಾದ ಇಬ್ಬರು ವಯಸ್ಕರ ನಡುವೆ ಕುಟುಂಬವಾಗಲಿ ಪಂಚಾಯಿತಿಯಾಗಲಿ ಬರುವಂತಿಲ್ಲವೆಂದು ಹೇಳಿ, ಅಂಥ ಜೋಡಿಗಳಿಗೆ ಸುರಕ್ಷಿತ ನಿವಾಸಗಳ ವ್ಯವಸ್ಥೆ ಮಾಡುವಂತೆ ಸೂಚಿಸಿತು. ಒಂದು ಕಡೆ ನ್ಯಾಯಾಲಯ ಅಡಗಲು ಮನೆ ಕೊಡಿ ಎನ್ನುತ್ತಿದೆ, ಇನ್ನೊಂದು ಕಡೆ ಆ ಮನೆಯ ಸಂಖ್ಯೆಗೆ ಮಾರುಕಟ್ಟೆಯಲ್ಲಿ ಬೆಲೆಯಿದೆ.

ಅಕ್ಕಲಕೋಟೆಯ ದಾರಿಯಲ್ಲಿ ಓಡುವ ಎಷ್ಟೋ ವಾಹನಗಳ ಹಿಂದೆ ಸ್ವಾಮಿ ಸಮರ್ಥರ ಚಿತ್ರದ ಕೆಳಗೆ ಒಂದು ಅಭಯ ಬರೆದಿರುತ್ತದೆ, ಹೆದರಬೇಡ, ನಿನ್ನ ಬೆನ್ನಿಗೆ ನಾನಿದ್ದೇನೆ ಎಂದು. 1878ರಲ್ಲಿ ಸಮಾಧಿಸ್ಥರಾಗುವವರೆಗೆ ಎರಡು ದಶಕ ಆ ಊರಿನಲ್ಲಿದ್ದ ಅವರ ಬಳಿಗೆ, ವಟವೃಕ್ಷದ ಆ ಗುಡಿಗೆ, ಮನೆಬಿಟ್ಟು ಹೋದವರ ತಾಯಂದಿರು ಇಂದಿಗೂ ಬರುತ್ತಾರೆ. ಬೆನ್ನ ಹಿಂದೆ ಯಾರೋ ಇದ್ದಾರೆಂಬ ಅರಿವು ಒಬ್ಬರಿಗೆ ಧೈರ್ಯ, ಇನ್ನೊಬ್ಬರಿಗೆ ಭಯ. ಹಿಂದಿರುವವನಿಗೆ ನಮ್ಮಿಂದ ಏನು ಬೇಕಾಗಿದೆ ಎಂಬುದರ ಮೇಲೆ ಅದು ನಿಂತಿದೆ. ಪತ್ತೇದಾರನೂ ಹಿಂದೆ ಇರುವವನೇ. ಅವನು ಯಾವ ಬಗೆಯಲ್ಲಿ ಹಿಂದೆ ಇರಬಲ್ಲ ಎಂಬುದನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ಅವನಿಗುಂಟು.

ಕೆಲಸವನ್ನು ಒಲ್ಲೆನೆಂದು ತಂದೆಯನ್ನು ಕಳಿಸಿಬಿಟ್ಟರೆ ಅವನು ಎದುರಿನ ಬೀದಿಯ ಇನ್ನೊಬ್ಬನ ಬಳಿಗೆ ಹೋಗುತ್ತಾನೆ. ಆದ್ದರಿಂದ ಒಲ್ಲೆನೆನ್ನುವುದೊಂದೇ ಧರ್ಮವೆಂದು ನನಗೆ ತೋರುವುದಿಲ್ಲ. ಲಂಡನ್ನಿನಲ್ಲಿ 1885ರಿಂದ ಸಾಲ್ವೇಶನ್ ಆರ್ಮಿ ಎಂಬ ಸೇವಾಸಂಸ್ಥೆ, ಅಗಲಿದ ಬಂಧುಗಳನ್ನು ಹುಡುಕಿಕೊಡುವ ಕೆಲಸ ಮಾಡುತ್ತ ಬಂದಿದೆ. ಯುದ್ಧ, ವಲಸೆಗಳಲ್ಲಿ ಚದುರಿದವರಿಗಾಗಿ ರೆಡ್‌ಕ್ರಾಸ್ ಅದನ್ನೇ ಮಾಡುತ್ತದೆ. ಸಿಕ್ಕವರ ಒಪ್ಪಿಗೆಯಿಲ್ಲದೆ ಅವರ ವಿಳಾಸವನ್ನು ಕೇಳಿದವರಿಗೆ ಕೊಡುವುದಿಲ್ಲವೆಂಬ ನಿಯಮವನ್ನು ಎರಡೂ ಸಂಸ್ಥೆಗಳು ಪಾಲಿಸುತ್ತವೆ. ಸೊಲ್ಲಾಪುರದ ಪತ್ತೇದಾರನೂ ತಂದೆಗೆ ಹೀಗೆ ಹೇಳಬಹುದು: "ಯಜಮಾನ್ರ, ಹುಡುಕ್ತೀನಿ. ಆಕಿನ್ನ ಕಂಡು ನಿಮ್ಮ ಮಾತು ಮುಟ್ಟಸ್ತೀನಿ. ಅವ್ವ ಊಟಾ ಬಿಟ್ಟಾಳಂತನೂ ಹೇಳ್ತೀನಿ. ಆಕಿ ಹೂಂ ಅಂದ್ರ ಅಷ್ಟ ವಿಳಾಸ, ಇಲ್ಲಾಂದ್ರ ಆಕಿ ಆರಾಮ ಅದಾಳ ಅನ್ನೂ ಸುದ್ದಿ ಅಷ್ಟ." ಈ ಷರತ್ತನ್ನು ಕೇ​ಳಿದ ತಂದೆಯ ಮುಖ ಏನಾಗುತ್ತದೆಂಬುದರಲ್ಲಿ ಪತ್ತೇದಾರನಿಗೆ ಬೇಕಾದ ತಿಳಿವಳಿಕೆ ಬಹುಪಾಲು ಸಿಕ್ಕಿಬಿಡುತ್ತದೆ. ಮಗಳು ಕ್ಷೇಮವೆಂಬ ಒಂದು ಮಾತಿಗೆ ಕಣ್ಣೊರೆಸಿಕೊಳ್ಳುವ ತಂದೆಯರು ಇದ್ದಾರೆ. ಅವರಿಗೆ ಆ ಸುದ್ದಿ ತರುವುದು ಜಾತ್ರೆಯಲ್ಲಿ ಕಳೆದ ಮಗುವನ್ನು ತರುವಷ್ಟೇ ದೊಡ್ಡ ಕೆಲಸ. ವಿಳಾಸವೇ ಬೇಕೆಂದು ಎದ್ದು ಹೋಗುವವರೂ ಇದ್ದಾರೆ, ಅವರ ಹಣವನ್ನು ಮುಟ್ಟಬಾರದು.

ಒಬ್ಬ ಸಜ್ಜನ ಪತ್ತೇದಾರನ ಮನಸ್ಸಿನ ಮೇಲೆ ಇಷ್ಟನ್ನೆಲ್ಲ ಹೊರಿಸಿ ನಾವು ಕೈತೊಳೆದುಕೊಳ್ಳುವಂತಿಲ್ಲ. ಖಾಸಗಿ ಪತ್ತೇದಾರಿಕೆಯನ್ನು ನಿಯಂತ್ರಿಸುವ ಮಸೂದೆ ಸಂಸತ್ತಿನ ಮುಂದೆ ಇನ್ನೊಮ್ಮೆ ಬಂದಾಗ, ಶುಲ್ಕ ಪರವಾನಗಿಗಳ ಕಲಮುಗಳ ನಡುವೆ ಇದೊಂದು ಕಲಮೂ ಇರಲಿ: ವಯಸ್ಕ ವ್ಯಕ್ತಿಯ ನೆಲೆಯನ್ನು ಅವರ ಒಪ್ಪಿಗೆಯಿಲ್ಲದೆ ಅವರ ಕುಟುಂಬಕ್ಕೂ ಕೊಡತಕ್ಕದ್ದಲ್ಲ.